ಬೆಳಿಗ್ಗೆ ಕಾಣದ ದದ್ದು

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ 11 ವರ್ಷ ಆಯಿತು. ಒಂದು ಮಗುವಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಬರೆಯುತ್ತಿದ್ದೇನೆ. ಇದೇ ಕೆಲಸದಲ್ಲಿರುವವರು ಓದಲಿ ಅಂತ.

ಮೂರೂವರೆ ವರ್ಷದ ಹುಡುಗಿ. 12 ದಿನದಿಂದ ಜ್ವರ. ಡೆಂಗಿ ಇಲ್ಲ, ಟೈಫಾಯ್ಡ್ ಇಲ್ಲ, ಬ್ಲಡ್ ಕಲ್ಚರ್‌ನಲ್ಲೂ ಏನೂ ಬಂದಿಲ್ಲ. ಆಂಟಿಬಯೋಟಿಕ್ ಕೊಡುತ್ತಲೇ ಇದ್ದೆವು, ಸಂಜೆಯಾದರೆ ಜ್ವರ ಏರುತ್ತಲೇ ಇತ್ತು. ನನಗೆ ಆಗ ಡೇ ಡ್ಯೂಟಿ. "ಸಿಸ್ಟರ್, ರಾತ್ರಿ ಮೈಮೇಲೆ ಕೆಂಪಗೆ ಏಳುತ್ತೆ ಕಣ್ರೀ" ಅಂತ ತಾಯಿ ಎರಡು ಸಲ ಹೇಳಿದರು. ಅಂಗಿ ಎತ್ತಿ ನೋಡಿದೆ. ಏನೂ ಇರಲಿಲ್ಲ. "ಬೆವರುಸಾಲೆ ಇರಬೇಕು ಬಿಡಮ್ಮ" ಅಂದೆ. ಚಾರ್ಟಿನಲ್ಲಿ "ದದ್ದು ಇಲ್ಲ" ಅಂತ ಬರೆದೆ. ಬೆಳಿಗ್ಗೆ ಎದ್ದರೆ ಕಾಲು ಕೆಳಗಿಡದೆ "ಎತ್ಕೋ" ಅಂತ ಅಳುತ್ತಿದ್ದಳು. ಮಧ್ಯಾಹ್ನಕ್ಕೆ ಓಡಾಡುತ್ತಿದ್ದಳು. ಹಾಗಾಗಿ ಅದನ್ನು ಹಟ ಅಂದುಕೊಂಡೆ.

ಮೂರು ದಿನ ಬಿಟ್ಟು ನನಗೆ ನೈಟ್ ಡ್ಯೂಟಿ ಬಂತು. ಎಂಟೂವರೆಗೆ ಜ್ವರ 103.6. ಒದ್ದೆ ಬಟ್ಟೆಯಲ್ಲಿ ಮೈ ಒರೆಸೋಣ ಅಂತ ಫ್ರಾಕ್ ತೆಗೆದೆ. ಎದೆ, ತೋಳು, ತೊಡೆ ಮೇಲೆಲ್ಲ ಚಪ್ಪಟೆ ಕಲೆಗಳು. ಚಡ್ಡಿಯ ಎಲಾಸ್ಟಿಕ್ ಒತ್ತಿದ್ದ ಕಡೆ ಸೊಂಟದ ಸುತ್ತ ಗೆರೆ ಎಳೆದ ಹಾಗೆ ಸಾಲಾಗಿ ಎದ್ದಿದ್ದವು. ಪುಸ್ತಕದಲ್ಲಿ ಇದಕ್ಕೆ ಸಾಲ್ಮನ್ ಮೀನಿನ ಬಣ್ಣ ಅಂತ ಇರುತ್ತೆ. ಎಣ್ಣೆಗಪ್ಪು ಮೈಯಲ್ಲಿ ಅದು ಗುಲಾಬಿಯಾಗಿ ಕಾಣಲಿಲ್ಲ. ಟಾರ್ಚ್ ಓರೆಯಾಗಿ ಹಿಡಿದಾಗಲೇ ಸರಿಯಾಗಿ ಕಂಡಿದ್ದು. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ತಾಯಿಯ ಫೋನಿನಲ್ಲೇ ಫೋಟೋ ತೆಗೆದೆ. ಜ್ವರ ಇಳಿದ ಮೇಲೆ ಹೋಗಿ ನೋಡಿದರೆ ಕಲೆಗಳೂ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಮಂಡಿ ಮುಟ್ಟಿದೆ. ಬೆಚ್ಚಗಿತ್ತು. ಚಿಪ್ಪಿನ ಪಕ್ಕದ ಗುಳಿ ಬಾವಿನಲ್ಲಿ ಮುಚ್ಚಿಹೋಗಿತ್ತು.

ರೌಂಡ್ಸ್‌ನಲ್ಲಿ ಡಾಕ್ಟರ್ ಫೋಟೋ ನೋಡಿದರು, ಅವತ್ತೇ ಫೆರಿಟಿನ್ (ಉರಿಯೂತ ಜೋರಾದರೆ ರಕ್ತದಲ್ಲಿ ಏರುವ ಪ್ರೊಟೀನ್) ಪರೀಕ್ಷೆಗೆ ಕಳಿಸಿದರು. ಸಾವಿರಗಟ್ಟಲೆ ಬಂತು. ಸ್ಟೀರಾಯ್ಡ್ ಶುರು ಮಾಡುವ ಮೊದಲು ಬೋನ್ ಮ್ಯಾರೋ (ಮೂಳೆಮಜ್ಜೆ) ಪರೀಕ್ಷೆಯನ್ನೂ ಮಾಡಿಸಿದರು. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಕೂಡ ಹೀಗೇ ಜ್ವರ, ಕೀಲುನೋವು ಅಂತ ಬರಬಹುದು, ಸ್ಟೀರಾಯ್ಡ್ ಅದನ್ನು ಮರೆಮಾಚಿಬಿಡುತ್ತೆ. ಅದಲ್ಲ ಅಂತ ಗೊತ್ತಾಯಿತು. ಇದು ಸಿಸ್ಟಮಿಕ್ ಜೆಐಎ, ಅಂದರೆ ಕೀಲಿನ ಜೊತೆ ಇಡೀ ಮೈಯನ್ನೂ ಕಾಡುವ ಮಕ್ಕಳ ಕೀಲುಬಾವು. 1897ರಲ್ಲಿ ಲಂಡನ್ನಿನ ಡಾಕ್ಟರ್ ಜಾರ್ಜ್ ಫ್ರೆಡ್ರಿಕ್ ಸ್ಟಿಲ್ ಮಕ್ಕಳ ಕೀಲುಬಾವಿನ ಬಗ್ಗೆ ಬರೆದಿದ್ದರಿಂದ ಸ್ಟಿಲ್ಸ್ ಕಾಯಿಲೆ ಅಂತಲೂ ಕರೆಯುತ್ತಾರೆ. ಸೋಂಕಿಲ್ಲದೆಯೇ ಮೈಯ ರಕ್ಷಣಾ ವ್ಯವಸ್ಥೆ ಉರಿಯೂತ ಎಬ್ಬಿಸುತ್ತೆ. ಕೀಲುವಾತಕ್ಕೆ ಮಾಡಿಸುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಇರುತ್ತೆ, ಅದನ್ನು ನೋಡಿ ಕೀಲಿನ ಕಾಯಿಲೆ ಅಲ್ಲ ಅನ್ನೋ ಹಾಗಿಲ್ಲ. ಮೊದಲು ಸ್ಟೀರಾಯ್ಡ್, ಆಮೇಲೆ ಉರಿಯೂತ ತಗ್ಗಿಸುವ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಕೊಟ್ಟೆವು. ಈಗ ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ.

ಇಂಥ ಮಕ್ಕಳಲ್ಲಿ ನಾನು ತುಂಬಾ ಹೆದರುವುದು ಮ್ಯಾಕ್ರೊಫೇಜ್ ಆಕ್ಟಿವೇಶನ್ ಸಿಂಡ್ರೋಮ್‌ಗೆ, ಅಂದರೆ ಉರಿಯೂತ ಪೂರ್ತಿ ಹತೋಟಿ ತಪ್ಪುವ ಸ್ಥಿತಿಗೆ. ಸಂಜೆ ಬಂದು ಹೋಗುತ್ತಿದ್ದ ಜ್ವರ ಬಿಡದೆ ನಿಂತರೆ, ಪ್ಲೇಟ್‌ಲೆಟ್ ಇಳಿದರೆ, ಮಗು ಮಂಕಾದರೆ ಡಾಕ್ಟರಿಗೆ ತಕ್ಷಣ ಫೋನ್ ಮಾಡಬೇಕು. ಆಗ ಇಎಸ್‌ಆರ್ (ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ) ಕೂಡ ಇಳಿಯಬಹುದು. ಸುಧಾರಿಸಿತು ಅಂತ ಸುಮ್ನೆ ಕೂರಬಾರದು. ಈ ಸಿಂಡ್ರೋಮ್ ಆಗಿದ್ದರೆ ಜೀವಕ್ಕೇ ಅಪಾಯ.

ಆ ತಾಯಿಯ ಹತ್ತಿರ "ನೀವು ಹೇಳಿದ್ದೇ ಸರಿ ಇತ್ತಮ್ಮ, ನಾನು ಕೇಳಲಿಲ್ಲ" ಅಂತ ಹೇಳಿದೆ. ಚಾರ್ಟಿನಲ್ಲಿ ಬರೆಯುವುದನ್ನೂ ಬದಲಾಯಿಸಿದ್ದೇನೆ. "ದದ್ದು ಇಲ್ಲ" ಅಂತ ಬರೆಯುವುದಿಲ್ಲ. "ಬೆಳಿಗ್ಗೆ 10ಕ್ಕೆ, ಜ್ವರ ಇಲ್ಲದಾಗ ನೋಡಿದೆ, ದದ್ದು ಕಾಣಲಿಲ್ಲ. ರಾತ್ರಿ ಬರುತ್ತೆ ಅಂತಾರೆ ತಾಯಿ. ಜ್ವರ ಏರಿದಾಗ ಬಟ್ಟೆ ಬಿಚ್ಚಿ ನೋಡಿ" ಅಂತ ಬರೆಯುತ್ತೇನೆ.