ತೊಗಟೆ ಮೇಲಿನ ಬಿಳಿ ಉಂಗುರ

ಮರದ ತೊಗಟೆ ಮೇಲೆ ಯಾರೋ ಸುಣ್ಣದ ಕೈ ಒರೆಸಿ ಹೋದ ಹಾಗೆ ಒಂದು ದುಂಡನೆಯ ಬಿಳಿ ಮಚ್ಚೆ. ಬಹಳ ದಿನ ನಾನು ಅದನ್ನು ಸುಣ್ಣವೆಂದೇ ತಿಳಿದು ಸುಮ್ನೆ ದಾಟಿ ಹೋಗುತ್ತಿದ್ದೆ. ಮಳೆ ಬಿಟ್ಟ ಒಂದು ಬೆಳಗ್ಗೆ ಭೂತಗನ್ನಡಿ ಹಿಡಿದು ಅಂಚನ್ನು ನೋಡಿದೆ. ಜೇಡರ ಬಲೆಯಂಥ ತೆಳುವಾದ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಪಕ್ಕದ ಕಲ್ಲುಹೂವಿನ ಮೇಲೆ ಹತ್ತುತ್ತಿದ್ದವು.

ಅದು ಅತೇಲಿಯ ಎಂಬ ಶಿಲೀಂಧ್ರ. ಶಿಲೀಂಧ್ರ ವಿಜ್ಞಾನಿ ಪೆರ್ಸೂನ್ 1822ರಲ್ಲಿ ಈ ಕುಲಕ್ಕೆ ಹೆಸರಿಟ್ಟರು. ಕೊಡೆಯಿಲ್ಲ, ಕಾಂಡವಿಲ್ಲ, ಆದರೂ ಅಣಬೆಗಳ ದೊಡ್ಡ ಬಳಗಕ್ಕೇ ಸೇರಿದ್ದು. ಮರ, ಉದುರಿದ ಎಲೆ, ತೊಗಟೆ ಯಾವುದಾದರೂ ಸರಿ, ಅದರ ಮೇಲೆ ತೆಳ್ಳಗೆ ಹರಡಿಕೊಂಡ ಪೊರೆಯೇ ಇದರ ಇಡೀ ಮೈ, ಬೀಜಕಣ ಹುಟ್ಟುವುದೂ ಆ ಪೊರೆಯ ಮೇಲೆಯೇ.

ಅತೇಲಿಯ ಅರಾಕ್ನಾಯ್ಡಿಯ ಎಂಬ ಜಾತಿ ಕಲ್ಲುಹೂವನ್ನೂ ಪಾಚಿಯನ್ನೂ ತಿಂದು ಬದುಕುತ್ತದೆ. ಕಲ್ಲುಹೂವು ಅಂದರೆ ಒಂದು ಶಿಲೀಂಧ್ರ ಮತ್ತು ಪಾಚಿ ಕೂಡಿ ಮಾಡಿದ ಸಂಸಾರ ಅಲ್ವಾ, ಅದರೊಳಗೆ ಇನ್ನೊಂದು ಶಿಲೀಂಧ್ರ ನುಗ್ಗಿ ಇಬ್ಬರನ್ನೂ ಮುಗಿಸುತ್ತದೆ! ಅಂಚು ಹೊರಕ್ಕೆ ಸರಿಯುತ್ತಾ ಹೋದಂತೆ ಹಿಂದೆ ಸತ್ತು ಬಿಳಿಚಿದ ಕಲ್ಲುಹೂವು ಉಳಿಯುತ್ತದೆ, ಅದಕ್ಕೇ ಉಂಗುರದ ಆಕಾರ. ಇದೇ ಜಾತಿ ತಣ್ಣನೆಯ ಗೋದಾಮಿನಲ್ಲಿಟ್ಟ ಕ್ಯಾರೆಟ್ಟಿಗೂ ಹತ್ತಿ, ಗುಳಿ ಗುಳಿಯಾಗಿ ಕೊಳೆಸುತ್ತದೆ. ಆದರೆ ಇದೇ ಕುಲದ ಕೆಲವು ಜಾತಿಗಳು ಪಾಚಿಯ ಜೊತೆ ಕೂಡಿ ತಾವೇ ಕಲ್ಲುಹೂವಾಗುತ್ತವೆ.

ನನಗೆ ತೀರಾ ಇಷ್ಟವಾದದ್ದು ಗೆದ್ದಲಿನ ಕತೆ. ಇದರ ಇನ್ನೊಬ್ಬ ನೆಂಟ ಗೆದ್ದಲಿನ ಗೂಡಿನೊಳಗೆ ಕಂದು ಬಣ್ಣದ ಸಣ್ಣ ಉಂಡೆಗಳಾಗಿ ಇರುತ್ತದೆ. ಉಂಡೆಯ ದಪ್ಪ ಗೆದ್ದಲಿನ ಮೊಟ್ಟೆಯ ದಪ್ಪಕ್ಕೆ ಸರಿಯಾಗಿ ಹೊಂದುತ್ತದೆ, ಮೇಲ್ಮೈಯೂ ಅಷ್ಟೇ ನುಣುಪು, ಮೊಟ್ಟೆಯ ಗುರುತು ಹಿಡಿಯಲು ಗೆದ್ದಲು ನೆಚ್ಚುವ ಒಂದು ರಾಸಾಯನಿಕವೂ ಅದರಲ್ಲಿದೆ. ಕೆಲಸದ ಗೆದ್ದಲುಗಳು ಅದನ್ನು ತಮ್ಮ ಮೊಟ್ಟೆಯ ರಾಶಿಗೇ ಸೇರಿಸಿ, ನೆಕ್ಕಿ ನೆಕ್ಕಿ ಕಾಪಾಡುತ್ತವೆ. ಜಪಾನಿನ ಕೆಂಜಿ ಮತ್ಸುಉರ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಬರೆದು ತಿಳಿಸಿದರು. ಕೋಗಿಲೆ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುವುದು ಎಲ್ಲರಿಗೂ ಗೊತ್ತು. ಕಣ್ಣಿಲ್ಲದ, ಮಿದುಳಿಲ್ಲದ ಒಂದು ಬೂಷ್ಟು ಅದೇ ದಾರಿ ಹಿಡಿದಿದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೊನ್ನೆ ಆ ಮರದ ಹತ್ತಿರ ಮತ್ತೆ ಹೋಗಿದ್ದೆ. ಉಂಗುರ ಎರಡು ಬೆರಳಷ್ಟು ಅಗಲವಾಗಿದೆ. ಬಿಳಿಚಿದ್ದ ನಡುವಿನಲ್ಲಿ ಆಗಲೇ ಹಸಿರು ಪಾಚಿ ಕೂತಿದೆ.