ನೀಲಿ ಚುಕ್ಕಿ

ಇವತ್ತು ತೀರ್ಥಹಳ್ಳಿ ಕಡೆ ಒಂದು ಅಡಿಕೆ ತೋಟದ ಪಂಪ್‌ಮನೆಯಲ್ಲಿ ಮೋಟಾರ್ ಆನ್-ಆಫ್ ಮಾಡೋ ರಿಲೇ ಒಂದೇ ಸಮ ಟಿಕ್ ಟಿಕ್ ಅಂತಿತ್ತು.

ಮಣ್ಣಿನ ತೇವ ಅಳೆಯೋ ಸೆನ್ಸರ್ ಸರಿ ಇತ್ತು, ವೈರಿಂಗೂ ಸರಿ. ತಪ್ಪಿದ್ದದ್ದು ನೋಡ್-ರೆಡ್‌ನ ಒಂದು ಸ್ವಿಚ್ ನೋಡ್‌ನಲ್ಲಿ. (ನೋಡ್-ರೆಡ್ ಅಂದ್ರೆ ಪರದೆ ಮೇಲೆ ಡಬ್ಬಿಗಳನ್ನ ಗೆರೆಯಿಂದ ಜೋಡಿಸಿ ಪ್ರೋಗ್ರಾಂ ಮಾಡೋ ಸಾಫ್ಟ್‌ವೇರ್. ಒಂದೊಂದು ಡಬ್ಬಿ ಒಂದೊಂದು ನೋಡ್; ಬಂದ ಮೌಲ್ಯ ನೋಡಿ ದಾರಿ ಆರಿಸೋದು ಸ್ವಿಚ್ ನೋಡ್.) ತೇವ 30ಕ್ಕಿಂತ ಕಡಿಮೆ ಆದ್ರೆ ಮೋಟಾರ್ ಆನ್, ಇಲ್ಲದಿದ್ರೆ ಆಫ್. ಆದರೆ ಸೆನ್ಸರ್ ಲೆಕ್ಕ 29, 31, 30, 29 ಅಂತ ಅಲ್ಲಲ್ಲೇ ಓಲಾಡ್ತಿರುತ್ತೆ. ಹೀಗೇ ಬಿಟ್ರೆ ಸ್ಟಾರ್ಟರ್‌ನ ಕಾಂಟ್ಯಾಕ್ಟ್ ಸುಟ್ಟುಹೋಗುತ್ತೆ.

ಅದೇ ನೋಡ್‌ನಲ್ಲಿ ಎರಡೇ ನಿಯಮ ಸಾಕು. 30ಕ್ಕಿಂತ ಕಡಿಮೆ ಇದ್ರೆ ಮೊದಲ ಗೆರೆ, 45 ದಾಟಿದ್ರೆ ಎರಡನೇ ಗೆರೆ. ‘ಉಳಿದದ್ದಕ್ಕೆಲ್ಲ’ ಅನ್ನೋ ಮೂರನೇ ನಿಯಮ ಹಾಕಲೇಬೇಡಿ. 38 ಬಂದಾಗ ಎರಡೂ ಗೆರೆಯಲ್ಲಿ ಏನೂ ಹರಿಯಲ್ಲ, ಪಂಪ್ ಇದ್ದ ಹಾಗೇ ಇರುತ್ತೆ. ಏನೂ ಕಳಿಸದೇ ಇರೋದೂ ಒಂದು ಆದೇಶವೇ ಅಂತ ಚಿತ್ರ ನೋಡ್ತಾ ಅನ್ನಿಸ್ತು, ತುಂಬ ಚೆನ್ನಾಗಿದೆ ಅದು. (30, 45 ಈ ಮಣ್ಣಿಗೆ, ಈ ಸೆನ್ಸರ್‌ಗೆ. ನಿಮ್ಮಲ್ಲಿ ಒಣ ಮಣ್ಣು, ನೆಂದ ಮಣ್ಣು ಎರಡರಲ್ಲೂ ಅಳೆದು ಹಾಕ್ಕೊಳ್ಳಿ.)

ಮುಂದೆ ಎರಡೂ ಗೆರೆಗೆ ಒಂದೊಂದು ಚೇಂಜ್ ನೋಡ್, ಬಂದ ಅಂಕಿಯನ್ನ ಮೊದಲ ಗೆರೆಯಲ್ಲಿ ‘ಆನ್’, ಎರಡನೇದರಲ್ಲಿ ‘ಆಫ್’ ಅಂತ ಬದಲಿಸೋಕೆ. ಆಮೇಲೆ ಎರಡಕ್ಕೂ ಸೇರಿ ಒಂದೇ ಫಿಲ್ಟರ್ ನೋಡ್: ಮೌಲ್ಯ ಬದಲಾದ್ರೆ ಮಾತ್ರ ಬಿಡು.

ನಮ್ಮ ಕಡೆ ಮಳೆ ಗಾಳಿಗೆ ಕರೆಂಟ್ ಹೋಗ್ತಾನೇ ಇರುತ್ತೆ. ಅದಕ್ಕೆ ಕರೆಂಟ್ ಬಂದು ನೋಡ್-ರೆಡ್ ಮತ್ತೆ ಶುರುವಾದ ಕೂಡಲೇ ಒಮ್ಮೆ ‘ಆಫ್’ ಕಳಿಸೋ ಇಂಜೆಕ್ಟ್ ನೋಡ್ ಫಿಲ್ಟರ್‌ಗಿಂತ ಮೊದಲು ಸೇರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ರಿಲೇ ಟಿಕ್ ಟಿಕ್.

ಸ್ವಿಚ್ ನೋಡ್‌ನ ಮೂಲೆಯಲ್ಲಿ ಸಣ್ಣ ನೀಲಿ ಚುಕ್ಕಿ. ಅಂದ್ರೆ ಬದಲಾವಣೆ ಜಾರಿ ಮಾಡೋ ಡಿಪ್ಲಾಯ್ ಗುಂಡಿ ಒತ್ತಿಲ್ಲ. ಪರದೆ ಮೇಲೆ ಹೊಸ ಚಿತ್ರ, ಒಳಗೆ ಓಡ್ತಿದ್ದದ್ದು ಹಳೇದು.

ಒತ್ತಿದ ಮೇಲೆ ಪಂಪ್‌ಮನೆ ಸುಮ್ಮನಾಯ್ತು.