ನೆರಳೇ ಇಲ್ಲದ ಹೊತ್ತು

ನಾನು ಹತ್ತನೇ ಕ್ಲಾಸು. ಹಾಸನದ ಹತ್ತಿರದ ಒಂದು ಹಳ್ಳಿ ಹೈಸ್ಕೂಲು, ಕನ್ನಡ ಮೀಡಿಯಂ. ಬ್ಯಾಗಿನಲ್ಲಿ ಆರು ನೋಟ್ಸು, ಆರಕ್ಕೂ ಬೇರೆ ಬೇರೆ ಬಣ್ಣದ ರಟ್ಟು. ಬೆಲ್ ಹೊಡೆದರೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆಗೆಯುತ್ತೇವೆ, ಮುಚ್ಚಿದ್ದರಲ್ಲಿ ಇದ್ದದ್ದು ಅಲ್ಲೇ ಉಳಿಯುತ್ತದೆ. ಇಷ್ಟು ವರ್ಷ ಹೀಗೇ ಓದಿದ್ದೇನೆ. ಆಗಸ್ಟ್ 18ರಂದು ಮಾತ್ರ ಹಾಗಾಗಲಿಲ್ಲ.

ಮೊದಲ ಪೀರಿಯಡ್ ಗಣಿತ. ಸಮರೂಪ ತ್ರಿಭುಜಗಳ ಲೆಕ್ಕ. 6 ಮೀಟರ್ ಎತ್ತರದ ಕಂಬದ ನೆರಳು 4 ಮೀಟರ್ ಇದೆ, ಅದೇ ಹೊತ್ತಿಗೆ ಒಂದು ಗೋಪುರದ ನೆರಳು 28 ಮೀಟರ್ ಇದ್ದರೆ ಗೋಪುರದ ಎತ್ತರ ಎಷ್ಟು? 42 ಮೀಟರ್. ಎರಡು ಸಾಲಿನಲ್ಲಿ ಮುಗಿಯಿತು. ಸರ್ 'ಅದೇ ಹೊತ್ತಿಗೆ' ಅನ್ನೋ ಮಾತಿನ ಕೆಳಗೆ ಎರಡು ಸಲ ಗೆರೆ ಎಳೆದರು. ನಾನು ಅದನ್ನು ಬರೆದುಕೊಂಡೆ, ಯಾಕೆ ಅಂತ ಕೇಳಲಿಲ್ಲ. ಎಷ್ಟು ಮಾರ್ಕ್ಸಿಗೆ ಬರುತ್ತೆ ಸರ್ ಅಂತ ಕೇಳಿದೆ.

ಆಮೇಲೆ ಕನ್ನಡ. ಹಳಗನ್ನಡದ 'ಪ' ಹೊಸಗನ್ನಡದಲ್ಲಿ 'ಹ' ಆಗೋದನ್ನು ಮೇಷ್ಟ್ರು ಹೇಳುತ್ತಿದ್ದರು. ಪಾಲು ಹಾಲಾಯಿತು, ಪೂ ಹೂವಾಯಿತು, ಪೊತ್ತು ಹೊತ್ತಾಯಿತು. ಹೊತ್ತು ಅಂದರೆ ಏನು ಅಂತ ಕೇಳಿದರು. ಸಮಯ ಅಂತ ಎಲ್ಲರೂ ಒಟ್ಟಿಗೆ ಕೂಗಿದೆವು. "ಸರಿ, ಹಂಗಾದ್ರೆ ಹೊತ್ತು ಮುಳುಗೋ ಹೊತ್ತಿಗೆ ಮನೆ ಸೇರ್ಕೊ ಅಂತಾರಲ್ಲ, ಮುಳುಗೋದು ಏನು?" ಅಂದರು. ಕ್ಲಾಸು ಸುಮ್ಮನಾಯಿತು. ಮುಳುಗೋದು ಸೂರ್ಯ! ನಮ್ಮಜ್ಜಿ ದಿನಾ ಹೇಳುವ ಮಾತು ಅದು, ಒಂದೇ ಮಾತಿನಲ್ಲಿ ಒಂದು ಹೊತ್ತು ಸೂರ್ಯ, ಇನ್ನೊಂದು ಹೊತ್ತು ಸಮಯ. ಸೂರ್ಯನಿಗೂ ಸಮಯಕ್ಕೂ ನಮ್ಮಲ್ಲಿ ಒಂದೇ ಮಾತಿದೆ ಅಂತ ನನಗೆ ಅವತ್ತಿನವರೆಗೆ ಹೊಳೆದೇ ಇರಲಿಲ್ಲ.

ಸಮಾಜದ ಪೀರಿಯಡ್ಡಿನಲ್ಲಿ ಭಾರತದ ಅಕ್ಷಾಂಶ ರೇಖಾಂಶ. 8 ಡಿಗ್ರಿ 4 ನಿಮಿಷದಿಂದ 37 ಡಿಗ್ರಿ 6 ನಿಮಿಷ ಉತ್ತರ, ಮಧ್ಯದಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತ, ನಮ್ಮ ಗಡಿಯಾರಕ್ಕೆಲ್ಲ 82 ಡಿಗ್ರಿ 30 ನಿಮಿಷ ಪೂರ್ವ ರೇಖಾಂಶವೇ ಲೆಕ್ಕ, ರೇಖಾಂಶ ಒಂದು ಡಿಗ್ರಿ ಬದಲಾದರೆ ಹೊತ್ತಿನಲ್ಲಿ 4 ನಿಮಿಷ ವ್ಯತ್ಯಾಸ. ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ.

ನಾಲ್ಕನೇ ಪೀರಿಯಡ್ ವಿಜ್ಞಾನ. ಮೇಡಂ ಬಂದವರೇ ಪುಸ್ತಕ ಇಡಿ, ಎಲ್ಲರೂ ಧ್ವಜದ ಕಂಬದ ಹತ್ತಿರ ಬನ್ನಿ ಅಂದರು. ಕಂಬದ ಬುಡದಲ್ಲಿ ಮೂರು ದಿನದ ಹಿಂದಿನ ಸ್ವಾತಂತ್ರ್ಯ ದಿನದ ರಂಗೋಲಿ ಅರ್ಧ ಅಳಿಸಿಕೊಂಡು ಇತ್ತು, ಬಾಡಿದ ಸೇವಂತಿಗೆ ಎಸಳು ಸಿಮೆಂಟಿಗೆ ಅಂಟಿಕೊಂಡಿದ್ದವು. ಇವತ್ತು ಸೂರ್ಯ ನೆತ್ತಿ ಮೇಲೆ ನೇರವಾಗಿ ಬರ್ತಾನೆ, ನೆರಳೇ ಇರಲ್ಲ ಅಂದರು ಮೇಡಂ. ಮಧ್ಯಾಹ್ನ ಅಂದರೆ ದಿನಾ ಹಾಗೇ ಅಲ್ವಾ ಅಂತ ನಾವು. ಅಲ್ಲವಂತೆ. ನಮ್ಮೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿ 23.5 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುವುದರಿಂದ ಸೂರ್ಯ ವರ್ಷವಿಡೀ ಕರ್ಕಾಟಕ, ಮಕರ ವೃತ್ತಗಳ ನಡುವೆ ಹೋಗಿ ಬರುವಂತೆ ಕಾಣುತ್ತಾನೆ. ಹೋಗುವಾಗ ಏಪ್ರಿಲ್ ಕೊನೆಯಲ್ಲಿ ಒಂದು ಸಲ, ವಾಪಸ್ ಬರುವಾಗ ಆಗಸ್ಟಿನಲ್ಲಿ ಒಂದು ಸಲ, ವರ್ಷಕ್ಕೆ ಎರಡೇ ದಿನ ನಮ್ಮ ನೆತ್ತಿಗೆ ನೇರ. ಏಪ್ರಿಲ್ ಬೇಸಿಗೆ ರಜೆ, ಯಾರೂ ನೋಡುವುದಿಲ್ಲ. ದೆಹಲಿಯವರಿಗಂತೂ ಒಂದು ದಿನವೂ ಇಲ್ಲ, ಅವರು ಕರ್ಕಾಟಕ ವೃತ್ತದಿಂದ ಮೇಲಿದ್ದಾರೆ.

ಆದರೆ ಆಗಸ್ಟ್ ತಿಂಗಳು, ಮೋಡ. 12 ಗಂಟೆ 20 ನಿಮಿಷಕ್ಕೆ ಬಿಸಿಲೇ ಇಲ್ಲ. ಬಿಸಿಯೂಟದ ಸಾಂಬಾರಿನ ವಾಸನೆ ಬರುತ್ತಿತ್ತು, ಕೆಲವರಿಗೆ ಆಗಲೇ ಆ ಕಡೆ ಧ್ಯಾನ. ನಾವೆಲ್ಲ ತಲೆ ಎತ್ತಿ ಮೋಡ ನೋಡುತ್ತಾ ನಿಂತೆವು. 12.24ಕ್ಕೆ ಸರಕ್ಕನೆ ಬಿಸಿಲು ಬಿತ್ತು. ಕಂಬದ ನೆರಳು ಪಡುವಣಕ್ಕೆ ಒಂದು ಗೇಣಿನಷ್ಟು ಮಾತ್ರ ಇತ್ತು. ಕಂಬ ಸ್ವಲ್ಪ ವಾಲಿದೆ, ಇದನ್ನು ನಂಬೋ ಹಾಗಿಲ್ಲ ಅಂದರು ಮೇಡಂ. ನನ್ನ ಗೆಳತಿಯ ಅಪ್ಪ ಗಾರೆ ಕೆಲಸದವರು, ಗೋಡೆ ನೆಟ್ಟಗಿದೆಯಾ ನೋಡಲು ದಾರಕ್ಕೆ ಕಟ್ಟಿರುತ್ತಾರಲ್ಲ, ಆ ಗುಂಡನ್ನು ಅವಳು ಮೇಡಂ ಹೇಳಿದ್ದಕ್ಕೆ ಮನೆಯಿಂದ ತಂದಿದ್ದಳು. ಅದನ್ನು ಬಿಳಿ ಹಾಳೆಯ ಮೇಲೆ ತೂಗುಬಿಟ್ಟಳು. ಗುಂಡಿನ ನೆರಳು ಪಕ್ಕದಲ್ಲಿ ಇದ್ದದ್ದು ನಿಧಾನವಾಗಿ ಒಳಗೆ ಸರಿಯಿತು. ಸರಿಯುವುದು ಕಣ್ಣಿಗೆ ಕಾಣುವುದಿಲ್ಲ, ಆದರೆ ಪೆನ್ಸಿಲಿನಲ್ಲಿ ಗುರುತು ಹಾಕಿ ಒಂದು ನಿಮಿಷ ಬಿಟ್ಟು ನೋಡಿದರೆ ಗುರುತಿನಿಂದ ಈಚೆ ಬಂದಿರುತ್ತದೆ. 12.30ಕ್ಕೆ ಅದು ಸರಿಯಾಗಿ ಗುಂಡಿನ ಕೆಳಗೇ ಕೂತಿತು. ದಾರಕ್ಕೆ ನೆರಳೇ ಇಲ್ಲ! ನಮ್ಮ ನೆರಳುಗಳೂ ನಮ್ಮ ಕಾಲ ಕೆಳಗೆ ಮುದುಡಿಕೊಂಡಿದ್ದವು. ಯಾರೂ ಮಾತಾಡಲಿಲ್ಲ, ಊಟದ ನೆನಪು ಯಾರಿಗೂ ಇರಲಿಲ್ಲ.

ಯಾಕೆ 12ಕ್ಕೆ ಅಲ್ಲ, 12.30ಕ್ಕೆ ಅಂತ ಹಿಂದಿನ ಬೆಂಚಿನ ಹುಡುಗ ಕೇಳಿದ. ಮೇಡಂ ಉತ್ತರ ಹೇಳಲಿಲ್ಲ, ಒಂದು ಡಿಗ್ರಿಗೆ ಎಷ್ಟು ನಿಮಿಷ ಅಂತ ತಿರುಗಿ ಕೇಳಿದರು. ನಾಲ್ಕು. ಹಾಸನದ ರೇಖಾಂಶ ಸುಮಾರು 76, ಗಡಿಯಾರದ ಲೆಕ್ಕ 82.5, ಆರೂವರೆ ಡಿಗ್ರಿ ವ್ಯತ್ಯಾಸ, ಅಂದರೆ 26 ನಿಮಿಷ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲದೆ, ಅದು ವಾಲಿಕೊಂಡೂ ಇರುವುದರಿಂದ ಆ ದಿನಕ್ಕೆ ಇನ್ನೊಂದು 4 ನಿಮಿಷ ಸೇರುತ್ತದಂತೆ. ನನಗೆ ಮೈ ಜುಮ್ಮೆಂದಿತು. ಗಂಟೆ ಮುಂಚೆ ಸಮಾಜದ ನೋಟ್ಸಿನಲ್ಲಿ ಬರೆದು ಮುಚ್ಚಿಟ್ಟ ಸಂಖ್ಯೆ ಇಲ್ಲಿ ಈ ಹಾಳೆಯ ಮೇಲೆ ನೆರಳಾಗಿ ಬಂದು ನಿಂತಿತ್ತು. ಬೆಂಗಳೂರಿನಲ್ಲಿ ನಮಗಿಂತ ಆರು ನಿಮಿಷ ಮೊದಲೇ, 12.24ಕ್ಕೆ ಆಗಿಹೋಗಿರುತ್ತದೆ. ನಾವು ಮೋಡ ನೋಡುತ್ತಿದ್ದಾಗ ಅಲ್ಲಿರುವ ನನ್ನ ಚಿಕ್ಕಮ್ಮನ ನೆರಳು ಅವರ ಕಾಲ ಕೆಳಗಿತ್ತು.

ಊಟದ ಹೊತ್ತಿಗೆ ಗಣಿತದ ಸರ್‌ಗೆ ಹೋಗಿ ಹೇಳಿದೆವು. ಅವರು ಕೊನೆಯ ಪಿಟಿ ಪೀರಿಯಡ್ಡನ್ನು ಕೇಳಿ ಇಸಕೊಂಡರು. ಥೇಲ್ಸ್ ಪ್ರಮೇಯ ನಮಗೆಲ್ಲ ಗೊತ್ತು, ಸಾಧಿಸಿ ಅಂತ ಪರೀಕ್ಷೆಗೆ ಬರುತ್ತದೆ. ಆ ಥೇಲ್ಸ್, ಹಳೇ ಕಾಲದ ಗ್ರೀಕ್ ಗಣಿತಜ್ಞ, ಈಜಿಪ್ಟಿಗೆ ಹೋಗಿ, ತನ್ನ ನೆರಳು ತನ್ನಷ್ಟೇ ಉದ್ದ ಆಗುವವರೆಗೆ ಕಾದು, ಆಗ ಪಿರಮಿಡ್ಡಿನ ನೆರಳು ಅಳೆದು ಅದರ ಎತ್ತರ ಹೇಳಿದ ಅಂತ ಒಂದು ಕಥೆ ಇದೆಯಂತೆ. ನಾವೂ ಕಾದೆವು. ಮೀಟರ್ ಸ್ಕೇಲ್ ನಿಲ್ಲಿಸಿ ನೋಡುತ್ತಾ ಇದ್ದೆವು. 3.30ಕ್ಕೆ ಅದರ ನೆರಳು 96 ಸೆಂಟಿಮೀಟರ್ ಇತ್ತು. ಐದು ನಿಮಿಷ ಬಿಟ್ಟು ಸ್ಕೇಲಿನಷ್ಟೇ ಆಯಿತು. ಈಗ, ಈಗ ಅಂತ ಸರ್ ಕೂಗಿದರು, ಇಬ್ಬರು ಹುಡುಗರು ಲಾಂಗ್ ಜಂಪ್ ಅಳೆಯೋ ಟೇಪ್ ಹಿಡಿದು ಓಡಿದರು. 'ಅದೇ ಹೊತ್ತಿಗೆ' ಅಂದರೆ ಏನು ಅಂತ ಆಗ ಗೊತ್ತಾಯಿತು, ತಡ ಮಾಡಿದರೆ ನೆರಳು ಕಾಯುವುದಿಲ್ಲ. ಕಂಬದ ನೆರಳು 5 ಮೀಟರ್ 84 ಸೆಂಟಿಮೀಟರ್. ಜವಾನರನ್ನು ಕೇಳಿದರೆ, "ಇಪ್ಪತ್ತಡಿ ಪೈಪು ಕಣ್ರಪ್ಪ, ಒಂದಡಿ ಕಾಂಕ್ರೀಟಲ್ಲಿ ಹೂತದೆ" ಅಂದರು. 19 ಅಡಿ ಅಂದರೆ 5 ಮೀಟರ್ 79. ಬರೀ ಐದು ಸೆಂಟಿಮೀಟರ್ ವ್ಯತ್ಯಾಸ, ಅಷ್ಟು ಆ ವಾಲಿದ್ದಕ್ಕೆ ಅಂದರು ಸರ್.

ಎಷ್ಟು ಮಾರ್ಕ್ಸು ಅಂತ ಅವತ್ತು ಯಾರೂ ಕೇಳಲಿಲ್ಲ. ದಿನಾ ಹೀಗೆ ಕಲಿಸೋಕೆ ಆಗಲ್ಲ ಅಂತ ನನಗೂ ಗೊತ್ತು, ಪೋರ್ಷನ್ ಮುಗಿಯಬೇಕು. ಆದರೆ ಒಂದೇ ನೆರಳು ನಾಲ್ಕು ನೋಟ್ಸಿನಲ್ಲಿ ಇದ್ದದ್ದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅಂತ ಅನ್ನಿಸುತ್ತದೆ, ಬಾಯಿಪಾಠಕ್ಕೆ ಕೊಟ್ಟ ಎಷ್ಟೊಂದು ಸಂಜೆಗಳು ನೆನಪಾಗುತ್ತವೆ.

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿಗೆ ಗಡಿಯಾರ ನೋಡೋಕೆ ಬರಲ್ಲ. ಸೂರಿನ ನೆರಳು ಅಂಗಳದ ಒರಳುಕಲ್ಲಿಗೆ ಬಂದರೆ ದನಕ್ಕೆ ನೀರು ಕುಡಿಸೋ ಹೊತ್ತು. ಎಲ್ಲ ಕೇಳಿ, "ಚಳಿಗಾಲದಲ್ಲಿ ಒರಳುಕಲ್ಲು ನೋಡುದ್ರೆ ಲೆಕ್ಕ ತಪ್ತದೆ ಕಣವ್ವ, ಆಗ ಹೊತ್ತು ತೆಂಕಲಿಗೆ ಹೋಗಿರ್ತದೆ, ಕಲ್ಲು ಬಿಟ್ಟು ತುಳಸಿಕಟ್ಟೆ ನೋಡ್ಬೇಕು" ಅಂದಳು.

ಮಾರನೆಯ ದಿನ ಒರಳುಕಲ್ಲಿನ ಪಕ್ಕ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆದೆ. ಸಂಜೆ ಮಳೆಗೆ ಅಳಿಸಿಹೋಯಿತು. ಈಗ ಮೊಳೆಯಲ್ಲಿ ಗೀರುತ್ತಿದ್ದೇನೆ, ವಾರಕ್ಕೊಂದು.